ಒಣಹುಲ್ಲಿನ ಬೆಟ್ಟದಲ್ಲಿ ಮಕ್ಕಳು

1996ರ ಫೆಬ್ರವರಿ 10, ಶನಿವಾರ. ಹಾಂಗ್‌ಕಾಂಗಿನ ಒಂದು ಪ್ರೌಢಶಾಲೆಯ ಮಕ್ಕಳು ತಮ್ಮ ಶಿಕ್ಷಕರ ಜೊತೆ ಪಾಟ್ ಸಿನ್ ಲೆಂಗ್ ಬೆಟ್ಟಸಾಲಿನ ಕಾಲುದಾರಿ ಹಿಡಿದಿದ್ದರು. ಹಾಂಗ್‌ಕಾಂಗ್ ಎಂದರೆ ನಮಗೆ ನೆನಪಾಗುವುದು ಒತ್ತೊತ್ತಾಗಿ ನಿಂತ ಎತ್ತರದ ಕಟ್ಟಡಗಳು. ಆದರೆ ಅಲ್ಲಿನ ನೆಲದಲ್ಲಿ ಸುಮಾರು ಶೇಕಡ 40ರಷ್ಟು ಕಾಪಿಟ್ಟ ಗುಡ್ಡ, ಕುರುಚಲು, ಹುಲ್ಲು. ಶಾಲೆಗಳು ರಜೆಯ ದಿನ ಮಕ್ಕಳನ್ನು ಅಲ್ಲಿ ನಡೆಸಿಕೊಂಡು ಹೋಗುವುದು ವಾಡಿಕೆ. ಪಾಟ್ ಸಿನ್ ಲೆಂಗಿನ ಅತಿ ಎತ್ತರದ ತುದಿಯೇ 639 ಮೀಟರ್; ನಮ್ಮ ನಂದಿಬೆಟ್ಟದ ಅರ್ಧವೂ ಇಲ್ಲ. ಹಿಮವಿಲ್ಲ, ಹುಲಿಯಿಲ್ಲ, ಪ್ರಪಾತದ ಅಂಚಿನಲ್ಲಿ ಹಗ್ಗ ಹಿಡಿದು ಹತ್ತಬೇಕಾದ ಬಂಡೆಯೂ ಇಲ್ಲ. ದಾರಿ ಚೊಕ್ಕವಾಗಿತ್ತು. ದೊಡ್ಡವರು ಜೊತೆಯಲ್ಲಿದ್ದರು.

ಅಲ್ಲಿ ಫೆಬ್ರವರಿ ಎಂದರೆ ಒಣ ಚಳಿಗಾಲದ ಕೊನೆ. ಇಳಿಜಾರಿನ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿರುತ್ತದೆ. ಬೆಂಕಿ ಎದ್ದಾಗ ಮಕ್ಕಳು ಕಡಿದಾದ ಗುಡ್ಡವನ್ನೇ ಹತ್ತಿ ಪಾರಾಗಬೇಕಾಯಿತು. ಮೂವರು ಮಕ್ಕಳು, ಇಬ್ಬರು ಶಿಕ್ಷಕರು ಸತ್ತರು. 13 ಮಂದಿ ಗಾಯಗೊಂಡರು. ಸತ್ತ ಇಬ್ಬರು ಶಿಕ್ಷಕರೂ ತಾವು ಪಾರಾಗುವುದನ್ನು ಬಿಟ್ಟು ಮಕ್ಕಳಿಗೆ ನೆರವಾಗುತ್ತ ಹಿಂದೆ ಉಳಿದವರು. ಅವರ ನೆನಪಿಗೆ ಆ ಹಾದಿಯಲ್ಲಿ ಒಂದು ಮಂಟಪ ಕಟ್ಟಿದ್ದಾರೆ. ಆ ಇಬ್ಬರ ತ್ಯಾಗಕ್ಕೆ ತಲೆಬಾಗದವರಿಲ್ಲ. ಆದರೂ ಈ ಘಟನೆಯನ್ನು ಓದುವಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಒಂದು ಸಂಗತಿ: ಅಂಥ ಧೈರ್ಯವಂತರು ಜೊತೆಗಿದ್ದೂ ಮಕ್ಕಳು ಸತ್ತರು. ಬೆಟ್ಟದಲ್ಲಿ ಧೈರ್ಯ ಬೇಕಾಗುವ ಹೊತ್ತಿಗೆ ಬಹುಪಾಲು ಕೆಲಸ ಕೆಟ್ಟು ಹೋಗಿರುತ್ತದೆ.

ಚಾರಣ ಹೊರಟ ವಿದ್ಯಾರ್ಥಿ ತಂಡಗಳನ್ನು ನಮ್ಮ ಮಲೆನಾಡಿನ ಬಸ್ ನಿಲ್ದಾಣಗಳಲ್ಲಿ ಬೆಳಗಿನ ಜಾವ ಯಾರು ಬೇಕಾದರೂ ನೋಡಬಹುದು. ಬೆನ್ನಿಗೆ ಚೀಲ, ಕೈಯಲ್ಲಿ ಫೋನು, ಕಣ್ಣಲ್ಲಿ ನಿದ್ದೆ, ಬಾಯಲ್ಲಿ ನಗು. ಅವರ ಚೀಲದಲ್ಲಿ ಬಿಸ್ಕತ್ತಿನಿಂದ ಹಿಡಿದು ಪವರ್ ಬ್ಯಾಂಕಿನವರೆಗೆ ಎಲ್ಲ ಇರುತ್ತದೆ. ಅವರ ಜೊತೆಗೆ ಎಷ್ಟೋ ಸಲ ಇಲ್ಲದಿರುವುದು ಒಬ್ಬ ಮನುಷ್ಯ. ಆ ನೆಲದ ಹುಲ್ಲನ್ನು, ಗಾಳಿಯನ್ನು, ಹಳ್ಳವನ್ನು ಬಲ್ಲವನು. ‘ಇವತ್ತು ಬೇಡ, ತಿರುಗಿ ನಡೀರಿ’ ಎಂದರೆ ಉಳಿದವರು ಕೇಳಲೇಬೇಕಾದವನು. ಈ ಎರಡೂ ಗುಣ ಒಬ್ಬನಲ್ಲೇ ಇರಬೇಕು. ನೆಲ ಬಲ್ಲವನ ಮಾತಿಗೆ ಬೆಲೆಯಿಲ್ಲದಿದ್ದರೂ ಮಾತು ನಡೆಯುವವನಿಗೆ ನೆಲ ಗೊತ್ತಿಲ್ಲದಿದ್ದರೂ ತಂಡ ಹೋಗಿ ನಿಲ್ಲುವುದು ಅದೇ ಅಪಾಯದ ಮುಂದೆ.

ಬೆಂಕಿಯ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ. ಬಯಲಲ್ಲಿ ಬೆಂಕಿ ನೋಡಿದವನಿಗೆ ಬೆಟ್ಟದ ಬೆಂಕಿ ಅರ್ಥವಾಗುವುದಿಲ್ಲ. ಬೆಂಕಿಕಡ್ಡಿ ಗೀರಿ ತಲೆ ಕೆಳಗಾಗಿ ಹಿಡಿದರೆ ಜ್ವಾಲೆ ಬೆರಳಿನವರೆಗೆ ಸರ್ರನೆ ಏರುತ್ತದಲ್ಲ, ಇಳಿಜಾರಿನಲ್ಲಿ ಆಗುವುದೂ ಅದೇ. ಕೆಳಗಿನ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗುತ್ತದೆ, ಬಿಸಿಗಾಳಿ ಮುಂದಾಗಿ ಹೋಗಿ ಆ ಹುಲ್ಲನ್ನು ಒಣಗಿಸಿ ಕಾಯಿಸಿ ಇಡುತ್ತದೆ, ಆಮೇಲೆ ಕಿಡಿಯೊಂದು ಸೋಕಿದರೆ ಸಾಕು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಜಗತ್ತಿನಾದ್ಯಂತ ಬಳಸುವ ಅಂದಾಜು. ಮನುಷ್ಯನ ಲೆಕ್ಕ ಇದಕ್ಕೆ ತಿರುಗುಮುರುಗು. ಇಳಿಜಾರು ಹೆಚ್ಚಿದಂತೆ ಅವನ ಕಾಲು ಸೋಲುತ್ತದೆ, ಉಸಿರು ಕಟ್ಟುತ್ತದೆ. ಏರಿನಲ್ಲಿ ಬೆಂಕಿಯ ಜೊತೆ ಓಟದ ಪಂದ್ಯ ಕಟ್ಟಿದವರಲ್ಲಿ ಗೆದ್ದವರು ಬಹಳ ಕಡಿಮೆ.

ಹೊತ್ತಿನ ಲೆಕ್ಕವೂ ಇದೆ. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಬೆಟ್ಟದ ಮೇಲಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಾಳಿಯ ತೇವ ತೀರ ಇಳಿದು, ಬೆಳಗ್ಗೆ ಇಬ್ಬನಿಯಲ್ಲಿ ಮೆತ್ತಗಿದ್ದ ಹುಲ್ಲು ಸಿಡಿಯುವಷ್ಟು ಒಣಗಿರುತ್ತದೆ. ಒಣಗಿದ ಕಡಿದಾದ ಕೊರಕಲುಗಳು ಹೊಗೆ ಕೊಳವೆಯಂತಾಗಿ ಬೆಂಕಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ತಪ್ಪಿಸಿಕೊಳ್ಳಲು ತಗ್ಗು ಸಿಕ್ಕಿತು ಎಂದು ಅಲ್ಲಿ ಇಳಿದವರಿಗೆ ಹಾಗಾಗಿ ಅದೇ ಬೋನಾಗುತ್ತದೆ. ಮೈಮೇಲಿನ ಪಾಲಿಯೆಸ್ಟರ್, ನೈಲಾನ್ ಬಟ್ಟೆ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆಯಾದರೆ ಅಷ್ಟು ಬೇಗ ಕೈಕೊಡುವುದಿಲ್ಲ. ಚಾರಣಕ್ಕೆಂದೇ ಅಂಗಡಿಯಲ್ಲಿ ಮಾರುವ ಉಡುಪಿನ ಬಹುಪಾಲು ಯಾವುದರಿಂದ ಆಗಿದೆ ಎಂಬುದನ್ನು ಕೊಳ್ಳುವವರು ಒಮ್ಮೆ ನೋಡಬೇಕು.

ಇಷ್ಟೆಲ್ಲದರ ನಡುವೆ ಹುಲ್ಲಿನ ಬೆಂಕಿಗೆ ಒಂದು ದೌರ್ಬಲ್ಯವಿದೆ. ಅದರ ಆಯಸ್ಸು ಕಡಿಮೆ. ಒಂದು ಜಾಗದ ಹುಲ್ಲನ್ನು ತಿಂದು ಮುಂದೆ ಹೋಗಲು ಅದಕ್ಕೆ ಕೆಲವು ಸೆಕೆಂಡುಗಳು ಸಾಕು, ಹಿಂದೆ ಉಳಿಯುವುದು ಕರಿ ಬೂದಿ. ಆ ಕರಿನೆಲಕ್ಕೆ ಮತ್ತೆ ಬೆಂಕಿ ಬರುವುದಿಲ್ಲ. ಹುಲ್ಲಿಲ್ಲದ ಬಂಡೆಹಾಸು, ಆಗಲೇ ಸುಟ್ಟ ಜಾಗ, ನೀರಿರುವ ಹಳ್ಳ, ಹಸಿ ಶೋಲಾ ಕಾಡು ಇವೇ ಉಳಿಯುವ ಜಾಗಗಳು. ಎಲ್ಲಿವೆ ಎಂಬುದು ಬೆಂಕಿ ಬರುವ ಮುಂಚೆಯೇ ಗೊತ್ತಿರಬೇಕು. ಹೊಗೆ ಮುಸುಕಿದ ಮೇಲೆ ಹುಡುಕಲು ಹೊರಟರೆ ಸಿಗುವುದಿಲ್ಲ.

ಕುರಂಗಣಿಯ ಹೆಸರು ಕೇಳಿದರೆ ದಕ್ಷಿಣದ ಚಾರಣಿಗರಿಗೆ ಇಂದಿಗೂ ಮೈ ನಡುಗುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನ ಹತ್ತಿರ, ಪಶ್ಚಿಮ ಘಟ್ಟದ ಬುಡದಲ್ಲಿರುವ ಹಳ್ಳಿ ಅದು. ಅಲ್ಲಿಂದ ಮೇಲಕ್ಕೆ ಹತ್ತಿದರೆ ಕೇರಳದ ಗಡಿಯಲ್ಲಿ ಕೊಳುಕ್ಕುಮಲೈ ಚಹಾ ತೋಟ. 2018ರ ಮಾರ್ಚ್ 10ರ ಶನಿವಾರ ಮಹಿಳಾ ದಿನದ ನೆಪದಲ್ಲಿ ಹೊರಟ ಚೆನ್ನೈನ ತಂಡವೊಂದು, ಈರೋಡ್ ಮತ್ತು ತಿರುಪ್ಪೂರಿನ ಕಡೆಯ ಇನ್ನೊಂದು ತಂಡ ಆ ಬೆಟ್ಟ ಹತ್ತಿದವು. ಎರಡೂ ಸೇರಿ 40ರ ಹತ್ತಿರ ಜನ. ಹೆಚ್ಚಿನವರು ಹರೆಯದವರು. ರಾತ್ರಿ ಮೇಲೆ ಉಳಿದು, ಮರುದಿನ ಭಾನುವಾರ ಇಳಿಯತೊಡಗಿದರು.

ಮಾರ್ಚ್ ತಿಂಗಳು, ಮಧ್ಯಾಹ್ನದ ಹೊತ್ತು, ಆಳೆತ್ತರದ ಒಣಹುಲ್ಲಿನ ಇಳಿಜಾರು, ಕೆಳಗಿನಿಂದ ಬರುವ ಗಾಳಿ. ಮೇಲೆ ಹೇಳಿದ ಒಂದೊಂದು ಮಾತೂ ಅಲ್ಲಿ ಕೂಡಿ ಬಂತು. ಹೊಗೆ ಕಂಡಿತು, ಆಮೇಲೆ ಬೆಂಕಿ ಕಂಡಿತು, ತಂಡ ಚದುರಿತು. ಕೆಲವರು ಬಂಡೆಗಳ ಕಡೆ ಹೋದರು, ಕೆಲವರು ಕೊರಕಲಿನತ್ತ ಓಡಿದರು. ಮೊದಲು ಓಡಿ ಬಂದು ಗಾಯಾಳುಗಳನ್ನು ಹೊತ್ತು ಇಳಿಸಿದವರಲ್ಲಿ ಬೆಟ್ಟದ ಬುಡದ ಹಳ್ಳಿಯವರೂ ತೋಟದ ಕೂಲಿಗಳೂ ಇದ್ದರು. ಬೆನ್ನಲ್ಲೇ ಅರಣ್ಯ ಸಿಬ್ಬಂದಿ, ಪೊಲೀಸರು, ಅಗ್ನಿಶಾಮಕ ದಳ, ಕಮಾಂಡೊಗಳು, ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ರಾತ್ರಿಯಿಡೀ ಹುಡುಕಾಟ ನಡೆಯಿತು. ಸೋಮವಾರ ಒಂಬತ್ತು ಮಂದಿ ಸತ್ತಿದ್ದು ಖಚಿತವಾಯಿತು. ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಿಂದ ಒಂದೊಂದೇ ಸಾವಿನ ಸುದ್ದಿ ಬರುತ್ತ ಸಂಖ್ಯೆ 20 ದಾಟಿತು. ಸುಟ್ಟಗಾಯದ ಸಾವಿನ ಕ್ರೂರತನ ಇದು. ಬದುಕಿ ಬಂದ ಮಗಳ ಪಕ್ಕ ಕುಳಿತ ಮನೆಯವರು ವಾರಗಟ್ಟಲೆ ಆಸೆ ಕಟ್ಟಿಕೊಂಡು ಕಾಯುತ್ತಾರೆ.

ತಂಡವನ್ನು ಮುನ್ನಡೆಸಿದ ಅನುಭವಿ ಚಾರಣಿಗರೂ ಸತ್ತವರಲ್ಲಿದ್ದರು. ಅವರು ಬೆಟ್ಟ ಹತ್ತಿ ಪಳಗಿದವರು. ಅದಕ್ಕೇ ಈ ಘಟನೆಯನ್ನು ‘ಅನುಭವ ಇಲ್ಲದವರ ದುಡುಕು’ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತುವ ಅನುಭವ ಬೇರೆ, ಒಣಗಾಲದಲ್ಲಿ ಒಂದು ನಿರ್ದಿಷ್ಟ ಇಳಿಜಾರು ಹೇಗೆ ಉರಿಯುತ್ತದೆ ಎಂಬ ತಿಳಿವಳಿಕೆ ಬೇರೆ. ಮೊದಲನೆಯದನ್ನು ನೂರು ಬೆಟ್ಟ ಸುತ್ತಿ ಗಳಿಸಬಹುದು. ಎರಡನೆಯದು ಅದೇ ಬೆಟ್ಟದ ಬುಡದಲ್ಲಿ ದನ ಮೇಯಿಸಿದವರಿಗೆ, ಸೌದೆ ಹೊತ್ತವರಿಗೆ, ಬೇಸಿಗೆ ಬೇಸಿಗೆಗೂ ಸೊಪ್ಪು ಬಡಿದು ಬೆಂಕಿ ನಂದಿಸಿದ ವಾಚರುಗಳಿಗೆ ಮಾತ್ರ ದಕ್ಕಿರುತ್ತದೆ.

ಆ ಹಾದಿಗೆ ಅನುಮತಿ ಇರಲಿಲ್ಲ ಎಂದು ಸರ್ಕಾರ ಆಮೇಲೆ ಹೇಳಿತು. ಅದರ ಮೇಲೆ ವಿಚಾರಣೆ, ಅಮಾನತು, ವಾದ ಪ್ರತಿವಾದ ಎಲ್ಲ ನಡೆಯಿತು. ತಮಿಳುನಾಡು ಅದೇ ವರ್ಷ ಚಾರಣಕ್ಕೆ ಪ್ರತ್ಯೇಕ ನಿಯಮಾವಳಿ ತಂದಿತು. 2024ರ ಅಕ್ಟೋಬರಿನಲ್ಲಿ 40 ಹಾದಿಗಳನ್ನು ಗುರುತಿಸಿ, ಆಯಾ ಊರಿನ ಬುಡಕಟ್ಟು ಯುವಕ ಯುವತಿಯರನ್ನೇ ತರಬೇತುಗೊಳಿಸಿ ಮಾರ್ಗದರ್ಶಕರನ್ನಾಗಿ ಮಾಡುವ ಯೋಜನೆ ಶುರುವಾಯಿತು. ಕುರಂಗಣಿಯಾಗಿ ಆರು ವರ್ಷಗಳ ಮೇಲೆ. ತಡವಾಯಿತು, ಆದರೆ ಸರಿಯಾದ ಕಡೆ ಕೈ ಹಾಕಿದ ಯೋಜನೆ ಅದು.

ನೆಲ ಬಲ್ಲವನೊಬ್ಬ ಇದ್ದರೂ ಸಾಲದು, ಅವನ ಮಾತು ನಡೆಯಬೇಕು ಎಂದೆ. ಅದಕ್ಕೆ ಸಾಕ್ಷಿ ದೂರದ್ದು, ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಎಂಬ ಕಣಿವೆಯದು. 1949ರ ಆಗಸ್ಟ್ 5ರಂದು ಕಾಡಿನ ಬೆಂಕಿ ನಂದಿಸಲು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ 15 ಮಂದಿಯ ತಂಡವದು. ನೆಲದಲ್ಲಿ ಇನ್ನೊಬ್ಬ ಸೇರಿಕೊಂಡ. ಹೆಚ್ಚಿನವರು ಎಳೆಯರು, ಕಾಲೇಜಿನ ಬೇಸಿಗೆ ರಜೆಯಲ್ಲಿ ಈ ಕೆಲಸಕ್ಕೆ ಬಂದ ವಿದ್ಯಾರ್ಥಿಗಳೂ ಅವರಲ್ಲಿದ್ದರು. ನಾಯಕನ ಹೆಸರು ವ್ಯಾಗ್ನರ್ ಡಾಡ್ಜ್. ಕೆಳಗಡೆ ಬೆಂಕಿ ದಾಟಿ ಬಂದು ದಾರಿ ಕಟ್ಟಿತು. ಎಲ್ಲರೂ ತಿರುಗಿ ಒಣಹುಲ್ಲಿನ ಕಡಿದಾದ ಏರಿನಲ್ಲಿ ಓಡತೊಡಗಿದರು. ಸಲಕರಣೆ ಬಿಸಾಡಿ ಎಂದು ಡಾಡ್ಜ್ ಕೂಗಿದ. ಆಮೇಲೆ ಅವನು ಮಾಡಿದ್ದನ್ನು ನೋಡಿದವರಿಗೆ ಅವನಿಗೆ ತಲೆ ಕೆಟ್ಟಿದೆ ಎನಿಸಿರಬೇಕು. ಬೆನ್ನ ಹಿಂದೆ ಬೆಂಕಿ ಬರುತ್ತಿರುವಾಗ ನಿಂತು, ಜೇಬಿನಿಂದ ಕಡ್ಡಿ ತೆಗೆದು, ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟ. ಅದು ಉರಿದು ಮೇಲಕ್ಕೆ ಹೋದ ಮೇಲೆ ಉಳಿದ ಬೂದಿಯಲ್ಲಿ ಬೋರಲು ಮಲಗಿದ, ಇತರರನ್ನೂ ಕರೆದ. ಯಾರೂ ಬರಲಿಲ್ಲ. ದೊಡ್ಡ ಬೆಂಕಿ ಆ ಕರಿನೆಲವನ್ನು ಸುತ್ತಿಕೊಂಡು ಮುಂದೆ ಹೋಯಿತು. ಡಾಡ್ಜ್ ಬದುಕಿದ. ಇನ್ನಿಬ್ಬರು ಬಂಡೆಗಳ ಸಂದಿಯಲ್ಲಿ ನೆತ್ತಿ ದಾಟಿ ಉಳಿದರು. 13 ಮಂದಿ ಸತ್ತರು.

ಅವರು ಯಾಕೆ ಬರಲಿಲ್ಲ? ಈ ಒಂದು ಪ್ರಶ್ನೆಯ ಮೇಲೆ ಮುಂದೆ ಪುಸ್ತಕಗಳೇ ಬಂದವು. ಲೇಖಕ ನಾರ್ಮನ್ ಮೆಕ್ಲೀನ್ ತಮ್ಮ ಮುಪ್ಪಿನ ವರ್ಷಗಳನ್ನು ಇದನ್ನು ಅರಿಯುವುದಕ್ಕೇ ಸವೆಸಿದರು, ಸಂಘಟನೆಗಳನ್ನು ಅಧ್ಯಯನ ಮಾಡುವ ಕಾರ್ಲ್ ವೈಕ್ 1993ರಲ್ಲಿ ದೀರ್ಘ ಲೇಖನ ಬರೆದರು. ನನಗೆ ಕಾಣುವ ಕಾರಣ ಸರಳ. ಆ ಹುಡುಗರು ಡಾಡ್ಜ್ ಜೊತೆ ಒಂದು ತಂಡವಾಗಿ ಪಳಗಿರಲಿಲ್ಲ. ಅವನ ಮಾತನ್ನು ಅರ್ಥವಾಗದಿದ್ದರೂ ನಂಬಬೇಕು ಎನಿಸುವಷ್ಟು ಒಡನಾಟ ಅವರಿಗಿರಲಿಲ್ಲ. ಭಯ ಬಂದಾಗ ಮನುಷ್ಯ ಪರಿಚಯದವನ ಮಾತು ಕೇಳುತ್ತಾನೆ, ಇಲ್ಲದಿದ್ದರೆ ತನ್ನ ಕಾಲಿನ ಮಾತು ಕೇಳುತ್ತಾನೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಕೊಟ್ಟು, ಹಣ ಕಳಿಸಿ, ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಮೊದಲ ಬಾರಿ ಮುಖ ನೋಡಿಕೊಂಡ ತಂಡ ಶನಿವಾರ ಬೆಟ್ಟ ಹತ್ತುವುದು ಈಗ ನಮ್ಮಲ್ಲಿ ಸಾಮಾನ್ಯ. ಕಾಲೇಜು ತಂಡಗಳು ಒಬ್ಬರನ್ನೊಬ್ಬರು ಬಲ್ಲವು, ಆದರೆ ಅವಕ್ಕೆ ಇನ್ನೊಂದು ತೊಡಕು. ಗೆಳೆಯರ ನಡುವೆ ‘ನನಗೆ ಸಾಕಾಯಿತು, ವಾಪಸ್ ಹೋಗೋಣ’ ಎನ್ನುವುದು ಹದಿನೆಂಟರ ಹುಡುಗನಿಗೆ ಬಹಳ ಕಷ್ಟ. ಸುಸ್ತಾದವನು ಹೇಳುವುದಿಲ್ಲ, ಹೆದರಿದವಳು ಹೇಳುವುದಿಲ್ಲ. ಮುಂದಿರುವವರು ಹಿಂದಿರುವವರು ಬರುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಮಳೆಗಾಲದ ಮಂಜಿನಲ್ಲಿ ದಾರಿ ತಪ್ಪಿದ ಎಷ್ಟೋ ಪ್ರಸಂಗಗಳ ಆರಂಭ ಹೀಗೆ ತಂಡ ಉದ್ದವಾಗಿ ಎಳೆದುಕೊಳ್ಳುವುದರಲ್ಲೇ ಇರುತ್ತದೆ. ಆದರೆ ಮಂಜಿನಲ್ಲಿ ದಾರಿ ತಪ್ಪಿದವರಿಗೆ ಒಂದು ರಾತ್ರಿಯಾದರೂ ಅವಕಾಶ ಸಿಗುತ್ತದೆ. ಬೆಂಕಿ ಅಷ್ಟು ಸಮಯ ಕೊಡುವುದಿಲ್ಲ.

ನಮ್ಮ ಬೆಟ್ಟಗಳು ಬೇರೆಯವಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹತ್ತುವವರು ಮೊದಲು ದಟ್ಟ ಕಾಡಿನಲ್ಲಿ ನಡೆದು ಗಿರಿಗದ್ದೆಯ ಭಟ್ಟರ ಮನೆ ತಲುಪುತ್ತಾರೆ. ಅಲ್ಲಿಂದ ಮೇಲೆ ಬಹಳ ದೂರ ಬರಿ ಹುಲ್ಲಿನ ಏಣು. ನೆರಳಿಲ್ಲ, ಮರೆಯಿಲ್ಲ. ಶೇಷ ಪರ್ವತ ದಾಟಿದ ಮೇಲೆ ಮತ್ತೆ ಶೋಲಾ, ಆಮೇಲೆ 1,712 ಮೀಟರಿನ ತುದಿ. ಜೂನ್‌ನಿಂದ ನವೆಂಬರಿನವರೆಗೆ ಆ ಹುಲ್ಲು ಕಣ್ಣು ತಣಿಸುವ ಹಸಿರು, ಇಂಬಳಗಳ ಸೀಮೆ. ಫೆಬ್ರವರಿಯಲ್ಲಿ ಅದೇ ಏಣು ಪಾಟ್ ಸಿನ್ ಲೆಂಗಿನ ಅಕ್ಕ ತಂಗಿ. ಕುದುರೆಮುಖ, ನೇತ್ರಾವತಿ, ಎತ್ತಿನ ಭುಜ, ಬಲ್ಲಾಳರಾಯನ ದುರ್ಗ ಎಲ್ಲೆಡೆ ಇದೇ ವಿನ್ಯಾಸ: ಮಡಿಕೆಗಳಲ್ಲಿ ಶೋಲಾ, ಬೆನ್ನಿನ ಮೇಲೆ ಹುಲ್ಲು. ಹುಲ್ಲಿನ ಬೆಂಕಿ ಹಸಿ ಶೋಲಾದ ಅಂಚಿಗೆ ಬಂದು ಸಾಮಾನ್ಯವಾಗಿ ಸೋಲುತ್ತದೆ. ಹಾಗೆಂದು ಪ್ರತಿ ಮಡಿಕೆಯೂ ಶೋಲಾ ಅಲ್ಲ. ಕೆಲವು ಒಣಗಿದ ಕೊರಕಲುಗಳು. ದೂರದಿಂದ ನೋಡಿ ಯಾವುದರಲ್ಲಿ ಏಪ್ರಿಲಿನಲ್ಲೂ ನೀರಿರುತ್ತದೆ, ಯಾವುದರಲ್ಲಿ ಇರುವುದಿಲ್ಲ ಎಂದು ಹೇಳಬಲ್ಲವನು ಸ್ಥಳೀಯ ಮಾತ್ರ. ಫೋನಿನ ನಕಾಶೆಯಲ್ಲಿ ಎರಡೂ ಒಂದೇ ನೀಲಿ ಗೆರೆ.

ಈ ಬೆಂಕಿ ಎಂಥದ್ದು ಎಂಬುದಕ್ಕೆ ನಮ್ಮಲ್ಲೇ ಸಾಕಷ್ಟು ನೋವಿನ ಉದಾಹರಣೆಗಳಿವೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಕಡೆ ಇನ್ನೊಬ್ಬರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದನ್ನು ನಾಡೆಲ್ಲ ಕಂಡಿತು. ಮೂರೂ ಫೆಬ್ರವರಿ ಎಂಬುದನ್ನು ಗಮನಿಸಬೇಕು. ನಮ್ಮ ಮನಸ್ಸಿನಲ್ಲಿ ಬೇಸಿಗೆ ಎಂದರೆ ಏಪ್ರಿಲ್, ಮೇ. ಹುಲ್ಲಿನ ಪಂಚಾಂಗದಲ್ಲಿ ಶಿವರಾತ್ರಿಯ ಹೊತ್ತಿಗೇ ಬೇಸಿಗೆ ಬಂದಾಗಿರುತ್ತದೆ. ಬೆಳಗ್ಗೆ ಮೈ ಕೊರೆಯುವ ಚಳಿ ಇದ್ದರೆ ಬೆಂಕಿಯ ನೆನಪು ಯಾರಿಗೂ ಆಗುವುದಿಲ್ಲ, ಅದೇ ಮೋಸ.

ಬೆಂಕಿಯನ್ನು ಬಲ್ಲ ಜನ ನಮ್ಮಲ್ಲೇ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಒಣಗಾಲ ಶುರುವಾಗುವ ಹೊತ್ತಿಗೆ ‘ತರಗು ಬೆಂಕಿ’ ಇಡುತ್ತಿದ್ದರು. ಎಲೆ ಇನ್ನೂ ಪೂರ್ತಿ ಒಣಗಿರದ ದಿನಗಳಲ್ಲಿ, ಮೊಣಕಾಲೆತ್ತರವೂ ಏಳದ ಉರಿ. ನೆಲದ ತರಗು ಸುಟ್ಟು ಮರ ಉಳಿಯುತ್ತಿತ್ತು. ಹೀಗಾಗಿ ಕಡು ಬೇಸಿಗೆಯಲ್ಲಿ ದೊಡ್ಡ ಬೆಂಕಿಗೆ ಉರುವಲು ಉಳಿಯುತ್ತಿರಲಿಲ್ಲ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಕಾಡು ತುಂಬಲು ಬೆಂಕಿ ನಿಂತದ್ದೇ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಾರೆ, ವಿಜ್ಞಾನಿಗಳಲ್ಲಿ ಇದರ ಬಗ್ಗೆ ಚರ್ಚೆ ನಡೆದೇ ಇದೆ. ಆ ಚರ್ಚೆಯಲ್ಲಿ ಯಾರು ಗೆದ್ದರೂ, ಡಾಡ್ಜ್ ಪ್ರಾಣ ಹೋಗುವ ಕ್ಷಣದಲ್ಲಿ ಕಂಡುಕೊಂಡ ಸುಟ್ಟ ನೆಲದ ಗುಟ್ಟು ಈ ಜನಕ್ಕೆ ತಲೆಮಾರುಗಳಿಂದ ಗೊತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಅಂಥವರ ಮಕ್ಕಳನ್ನು ನಾವು ಬೇಸಿಗೆಯ ಕೆಲವು ತಿಂಗಳು ದಿನಗೂಲಿಯ ಬೆಂಕಿ ಕಾವಲುಗಾರರನ್ನಾಗಿ ಇಟ್ಟುಕೊಂಡು ಮಳೆ ಬಿದ್ದೊಡನೆ ಮನೆಗೆ ಕಳಿಸುತ್ತೇವೆ. ಮಳೆ ಬಿದ್ದ ಮೇಲೆ ಚಾರಣದ ಕಾಲ ಶುರುವಾಗುತ್ತದೆ, ಅವರೇ ಮಾರ್ಗದರ್ಶಕರಾಗಬಹುದು. ವರ್ಷವಿಡೀ ಕೆಲಸ, ಗೌರವದ ಸಂಬಳ, ಮುಖ್ಯವಾಗಿ ತಂಡವನ್ನು ವಾಪಸ್ ಕಳಿಸುವ ಅಧಿಕಾರ ಅವರಿಗೆ ಸಿಗಬೇಕು. ಚೀಲ ಹೊರುವ ಆಳಿನಂತೆ ಅವರನ್ನು ನಡೆಸಿಕೊಳ್ಳುವ ತಂಡಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ನಮ್ಮ ರಾಜ್ಯದಲ್ಲಿ ಕೆಲವು ಬದಲಾವಣೆ ಆಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಹರಿದಾಡಿದವು. ಆಮೇಲೆ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಹಾದಿಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ಮುಚ್ಚಿತು, ‘ಅರಣ್ಯ ವಿಹಾರ’ ಜಾಲತಾಣ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಬೆಂಕಿಯ ಕಾಲದಲ್ಲಿ ಹುಲ್ಲುಗಾವಲಿನ ಹಾದಿಗಳನ್ನು ಮುಚ್ಚುವ ಕ್ರಮವೂ ಇದೆ. ‘ಇಲಾಖೆಯವರು ಸುಮ್ಮನೆ ಮುಚ್ಚಿದ್ದಾರೆ, ನಮಗೊಂದು ಕಳ್ಳದಾರಿ ಗೊತ್ತು’ ಎಂದು ಹೇಳುವ ಹಿರಿಯ ವಿದ್ಯಾರ್ಥಿ ಪ್ರತಿ ಕಾಲೇಜಿನಲ್ಲೂ ಒಬ್ಬನಿರುತ್ತಾನೆ. ತನಿಖಾ ಠಾಣೆ ತಪ್ಪಿಸಿ ನಸುಕಿನಲ್ಲೇ ಒಳನುಗ್ಗಿದ ತಂಡದ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಬೆಂಕಿ ಎದ್ದಾಗ ಬೆಟ್ಟದಲ್ಲಿ ಜನರಿದ್ದಾರೆ ಎಂಬುದೇ ವಾಚರಿಗೆ ತಿಳಿಯುವುದಿಲ್ಲ. ಯಾರನ್ನು ಹುಡುಕಬೇಕು, ಎಷ್ಟು ಜನರನ್ನು ಹುಡುಕಬೇಕು, ಯಾವ ಮಗ್ಗುಲಲ್ಲಿ ಹುಡುಕಬೇಕು?

ಮಕ್ಕಳನ್ನು ಬೆಟ್ಟಕ್ಕೆ ಕಳಿಸಲೇಬಾರದು ಎನ್ನುವವರ ಜೊತೆ ನಾನಿಲ್ಲ. ಕಾಡು ಕಾಣದೆ ಬೆಳೆದವರು ನಾಳೆ ಕಾಡಿನ ಪರವಾಗಿ ಮಾತಾಡುವುದಿಲ್ಲ. ಒಂದು ಶೋಲಾದ ಒಳಗೆ ಕಾಲಿಟ್ಟಾಗ ಮುಖಕ್ಕೆ ಬಡಿಯುವ ತಂಪು, ಏಣಿನ ಮೇಲೆ ನಿಂತು ಮೋಡ ಕೆಳಗೆ ಹೋಗುವುದನ್ನು ನೋಡಿದ ಗಳಿಗೆ, ಇವನ್ನು ಯಾವ ತರಗತಿಯೂ ಕೊಡಲಾರದು. ಹಾಂಗ್‌ಕಾಂಗಿನ ಆ ಶಿಕ್ಷಕರು ಮಕ್ಕಳನ್ನು ಕರೆದೊಯ್ದದ್ದೂ ಇದಕ್ಕೇ.

ಚಾರಣಕ್ಕೆ ಹೊರಡುವಾಗ ಕಾಲೇಜುಗಳು ಮನೆಯವರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ. ಏನೇ ಅನಾಹುತವಾದರೂ ಸಂಸ್ಥೆ ಹೊಣೆಯಲ್ಲ ಎಂಬುದೇ ಸಾಮಾನ್ಯವಾಗಿ ಅದರ ಸಾರ. ಅಪ್ಪ ಅಮ್ಮ ಓದದೆ ಸಹಿ ಹಾಕುತ್ತಾರೆ. ಆ ಹಾಳೆಯಲ್ಲಿ ಬರೆಯಿಸಬೇಕಾದದ್ದು ಬೇರೆ ಇದೆ. ಜೊತೆಗೆ ಬರುವ ಆ ಊರಿನ ಮಾರ್ಗದರ್ಶಕರ ಹೆಸರು, ಅವರ ಫೋನ್ ಸಂಖ್ಯೆ. ವಲಯ ಅರಣ್ಯಾಧಿಕಾರಿ ಕಚೇರಿ ಕೊಟ್ಟ ಅನುಮತಿಯ ಸಂಖ್ಯೆ. ತುದಿ ಮುಟ್ಟಲಿ ಬಿಡಲಿ ಎಷ್ಟು ಗಂಟೆಗೆ ಹಿಂದಿರುಗುತ್ತಾರೆ ಎಂಬುದು. ಮಾರ್ಗದರ್ಶಕರು ಬೇಡ ಎಂದರೆ ತಂಡ ಹಿಂತಿರುಗುತ್ತದೆ, ಕೊಟ್ಟ ಹಣ ಹೋದರೂ ಸರಿ ಎಂಬ ಒಂದು ಸಾಲು, ಅದರ ಕೆಳಗೆ ಪ್ರಾಂಶುಪಾಲರ ಸಹಿ. ಈ ಸಲದ ಒಣಗಾಲಕ್ಕೆ ಮುಂಚೆ ಒಂದಾದರೂ ಕಾಲೇಜು ಇಂಥ ಹಾಳೆ ಮುದ್ರಿಸಲಿ, ಸಹಿ ಹಾಕುವ ಮುನ್ನ ಇದನ್ನೇ ಕೇಳುವ ಒಬ್ಬ ತಾಯಿಯಾದರೂ ಮುಂದೆ ಬರಲಿ.